ನೀರುನಾಯಿಯ ಹಿಕ್ಕೆ, ಅಪ್ಪಯ್ಯನ ಮೈಲುತುತ್ತ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಕೋಳಿಮೊಟ್ಟೆ ಇಡುವ ಹಾಗಿಲ್ಲ. ಅಂಥ ಫ್ರಿಜ್ಜಿನಲ್ಲಿ ನಾನು ಮೂರು ದಿನ ನೀರುನಾಯಿಯ ಹಿಕ್ಕೆ ಇಟ್ಟಿದ್ದೆ. ಜಿಪ್ ಲಾಕ್ ಚೀಲದೊಳಗೆ ಹಿಕ್ಕೆ, ಆ ಚೀಲ ಇನ್ನೊಂದು ಚೀಲದೊಳಗೆ, ಅದು ಒಂದು ಸ್ಟೀಲ್ ಡಬ್ಬಿಯೊಳಗೆ. ಬೆಂಗಳೂರಿಗೆ ಕಳಿಸಬೇಕಿತ್ತು, ಮಳೆಗೆ ಶಿರಸಿ ಪೇಟೆಗೆ ಹೋಗಲು ಆಗಿರಲಿಲ್ಲ. ನಾಲ್ಕನೇ ದಿನ ಆಯಿ ತಂಬುಳಿಗೆ ಮಜ್ಜಿಗೆ ತೆಗೆಯಲು ಹೋದವಳು ಡಬ್ಬಿ ತೆರೆದಳು.

"ಕೂಸೇ, ಎಂತದೆ ಇದು?"

ಹೇಳಿದೆ. ಆಯಿ ಬೈಯಲಿಲ್ಲ. ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಿಲ ಕಟ್ಟೆಯ ಮೇಲಿಟ್ಟಳು. ಫ್ರಿಜ್ಜನ್ನು ಪೂರ್ತಿ ಖಾಲಿ ಮಾಡಿ ಒರೆಸಿದಳು. ಆಮೇಲೆ ಸ್ನಾನಕ್ಕೆ ಹೋದಳು. ಆ ಡಬ್ಬಿ ಮತ್ತೆ ಅಡುಗೆಮನೆ ಕಂಡಿಲ್ಲ. ಈಗ ಕೊಟ್ಟಿಗೆಯಲ್ಲಿದೆ, ಅದರೊಳಗೆ ಮೊಳೆ ಇದೆ.

ಮದುವೆಮನೆ ಪಂಕ್ತಿಯಲ್ಲಿ ಕೂತಾಗ ಪಕ್ಕದವರು ಕೇಳುತ್ತಾರೆ, ಈಗ ಏನು ಮಾಡ್ತಾ ಇದ್ದೆ ಅಂತ. ಹಳ್ಳ ಹೊಳೆಯ ಪ್ರಾಣಿಗಳ ಮೇಲೆ ಕೆಲಸ ಅನ್ನುತ್ತೇನೆ. ಓ, ಅರಣ್ಯ ಇಲಾಖೆಯಾ? ಅಲ್ಲ. ಹಾಗಾದ್ರೆ ಮೀನುಗಾರಿಕೆ ಇಲಾಖೆ? ಅದೂ ಅಲ್ಲ. ಅಂದ್ರೆ ಪರ್ಮನೆಂಟ್ ಅಲ್ಲ! ಅಷ್ಟು ಹೊತ್ತಿಗೆ ಪಾಯಸ ಬರುತ್ತದೆ, ನಾನು ಬಚಾವ್. ಅವರು ಹೇಳಿದ್ದು ಸುಳ್ಳೂ ಅಲ್ಲ. ಒಂದು ವರ್ಷ, ಎರಡು ವರ್ಷದ ಯೋಜನೆಗಳು. ಹಣ ಕೊಡುವವರಿಗೆ ಇಂಗ್ಲಿಷಿನಲ್ಲಿ ವರದಿ. ಹಳ್ಳ ಯಾವ ಊರಿನದೋ ಆ ಊರಿನವರು ಆ ವರದಿಯ ಒಂದು ಸಾಲೂ ಓದಿರುವುದಿಲ್ಲ. ಊರಲ್ಲಿ ನನಗೆ "ಏಡಿ ಮೇಡಂ" ಅಂತ ಹೆಸರು. ಅದೇ ಸರಿಯಾದ ಹುದ್ದೆ ಅನ್ನಿಸುತ್ತದೆ.

ಕೆಲಸ ಹೀಗೆ. ಬೆಳಿಗ್ಗೆ ಬೇಗ ಹಳ್ಳಕ್ಕೆ ಇಳಿಯುವುದು. ನೀರಿನ ನಡುವೆ ಎದ್ದು ನಿಂತ ಕಲ್ಲು, ಎರಡು ಹಳ್ಳ ಕೂಡುವ ಜಾಗ, ಬಿದ್ದ ಮರ, ಮರಳಿನ ಅಂಚು ಎಲ್ಲ ನೋಡುತ್ತಾ ಮೇಲಕ್ಕೆ ನಡೆಯುವುದು. ಕಂಡಿದ್ದೆಲ್ಲ ಬರೆದುಕೊಳ್ಳುವುದು. ನೀರುನಾಯಿಯನ್ನೇ ನೋಡುವುದು ಬಹಳ ಅಪರೂಪ. ನಮಗೆ ಸಿಗುವುದು ಅದರ ಪಾಯಿಖಾನೆ. ಅದಕ್ಕೆ ಒಂದು ನಿಯತ್ತಿನ ಜಾಗ ಇರುತ್ತದೆ, ಮನೆಮಂದಿಯೆಲ್ಲ ಅದೇ ಕಲ್ಲಿಗೆ ಬಂದು ಹೋಗುತ್ತವೆ. ಹಿಕ್ಕೆ ಸಿಕ್ಕಿದರೆ ಮೊದಲು ಮೂಸಬೇಕು. ಹಸಿಯಾಗಿದ್ದರೆ ಒಣಮೀನು ಮತ್ತು ಹಸಿಹುಲ್ಲು ಕೂಡಿಸಿದಂಥ ವಾಸನೆ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನನಗೆ ಈ ಹೋಲಿಕೆ ಹೊಳೆಯಲು ಎರಡು ವರ್ಷ ಹಿಡಿಯಿತು. ಕುಮಟೆಯ ಮೀನುಪೇಟೆಯ ಹತ್ತಿರ ಬಸ್ಸು ನಿಂತಾಗ ತಟ್ಟನೆ ಗೊತ್ತಾಯಿತು. ಅರೆ, ಇದು ನಮ್ಮ ಹಳ್ಳದ ವಾಸನೆ.

ಒಣಗಿದ ಮೇಲೆ ಕಡ್ಡಿಯಲ್ಲಿ ಬಿಡಿಸಿದರೆ ಊಟದ ಪಟ್ಟಿ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ನನ್ನ ಕೆಲಸಕ್ಕೆ ಬರುವುದು ಎರಡು ಜಾತಿ. ದೊಡ್ಡ ಹೊಳೆಯದ್ದು ಮೈ ನುಣುಪಾದ ದೊಡ್ಡ ನೀರುನಾಯಿ, ಅದರ ಹಿಕ್ಕೆ ತುಂಬ ಮೀನಿನ ಹುರುಪೆ, ಮುಳ್ಳು. ಘಟ್ಟದ ಸಣ್ಣ ಹಳ್ಳಗಳದ್ದು ಕಿರುಉಗುರಿನ ನೀರುನಾಯಿ. ಲೋಕದ ನೀರುನಾಯಿಗಳಲ್ಲೇ ಸಣ್ಣದು, ತೂಕ 5 ಕಿಲೋ ದಾಟುವುದು ಕಷ್ಟ. ಅದರ ಹಿಕ್ಕೆಯಲ್ಲಿ ಬರೀ ಏಡಿ ಚಿಪ್ಪಿನ ಚೂರು. ಒಡೆದ ಕೆಂಪು ಬಳೆ ಹಾಗೆ. ಇದರ ಮುಂಗಾಲಿನ ಬೆರಳು ಒಳ್ಳೆ ಕೈಬೆರಳಿನಂತೆ ಕೆಲಸ ಮಾಡುತ್ತದೆ, ಉಗುರು ಇದ್ದೂ ಇಲ್ಲದ ಹಾಗೆ. ಕಲ್ಲಿನ ಸಂದಿಗೆ ಕೈ ಹಾಕಿ, ಕತ್ತು ಬೇರೆಲ್ಲೋ ತಿರುಗಿಸಿ, ಸುಮ್ನೆ ತಡಕುತ್ತದೆ. ಆಯಿ ಕತ್ತಲೆಯಲ್ಲಿ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದಂತೆ.

ದೊಡ್ಡ ನೀರುನಾಯಿ ನೋಡಬೇಕೆಂದರೆ ದಾಂಡೇಲಿ ಕಡೆ ಕಾಳಿ ಹೊಳೆಗೆ ಹೋಗಬೇಕು. ನಾನು ಅಲ್ಲಿ ಒಂದು ಬೇಸಗೆ ಕಳೆದಿದ್ದೇನೆ. ಮೊಸಳೆಯೂ ಇರುವ ಹೊಳೆ ಅದು. ಕಾರವಾರದ ಸದಾಶಿವಗಡದ ಹತ್ತಿರ ಕಡಲು ಸೇರುವ ತನಕ ಸುಮಾರು 184 ಕಿಲೋಮೀಟರ್ ಉದ್ದ. ಅಷ್ಟರಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಉಪನದಿಯ ಮೇಲೆ ತಟ್ಟಿಹಳ್ಳ. ಸೂಪಾ ಕಟ್ಟೆಯ ಎತ್ತರವೇ 101 ಮೀಟರ್. ಅಲ್ಲಿ ಹೊಳೆಗೆ ಮಳೆಗಾಲ ಬೇಸಗೆ ಅಂತ ಇಲ್ಲ, ಕರೆಂಟು ಬೇಕಾದಾಗ ನೀರು, ಬೇಡವಾದಾಗ ಇಲ್ಲ. ಬೆಳಿಗ್ಗೆ ನಾನು ಹಿಕ್ಕೆ ಗುರುತು ಹಾಕಿ ಬಂದ ಮರಳುದಿಬ್ಬ ಸಂಜೆ ನೋಡಿದರೆ ನೀರೊಳಗೆ. "ನೀರು ಬಿಟ್ರು" ಅನ್ನುವುದು ಅಲ್ಲಿಯ ದಿನಬಳಕೆಯ ಮಾತು. ರಾಫ್ಟಿಂಗ್ ಹುಡುಗರೂ ಅದನ್ನೇ ಕಾಯುತ್ತಾರೆ, ನಾನೂ ಅದನ್ನೇ ಕೇಳಿಕೊಂಡು ಹೊಳೆಗಿಳಿಯುತ್ತಿದ್ದೆ. ಒಟ್ಟಿನಲ್ಲಿ ಅಲ್ಲಿನ ಪ್ರಾಣಿಗಳೂ ಒಂದು ಥರ ವಿದ್ಯುತ್ ನಿಗಮದ ಶಿಫ್ಟಿನಲ್ಲೇ ಬದುಕುತ್ತವೆ.

ಅಘನಾಶಿನಿಗೆ ಕಟ್ಟೆ ಇಲ್ಲ. ಅದರ ಒಂದು ಎಳೆ ಶಿರಸಿ ಪೇಟೆಯ ಶಂಕರಹೊಂಡದಿಂದ ಹೊರಡುತ್ತದೆ, ಇನ್ನೊಂದು ಮಂಜುಗುಣಿ ಕಡೆಯಿಂದ. ಕೂಡಿಕೊಂಡು, ಉಂಚಳ್ಳಿಯಲ್ಲಿ 116 ಮೀಟರ್ ಬಿದ್ದು, ಕುಮಟೆಯ ಕೆಳಗೆ ತದಡಿ ಹತ್ತಿರ ಕಡಲಿಗೆ. ನಡುವೆ ತಡೆಯುವವರು ಯಾರೂ ಇಲ್ಲ. ಘಟ್ಟದ ಕೆಳಗೆ ಕೆಲಸ ಮಾಡುವಾಗ ಇದು ಏನು ಅಂತ ಅರ್ಥವಾಗುತ್ತದೆ. ಹಾವುಮೀನು ಕಡಲಲ್ಲಿ ಹುಟ್ಟುತ್ತದೆ, ಕಡ್ಡಿಯಷ್ಟು ದೊಡ್ಡದಾಗುವಾಗ ಹೊಳೆ ಹತ್ತುತ್ತದೆ, ವರ್ಷಗಟ್ಟಲೆ ಸಿಹಿನೀರಲ್ಲಿದ್ದು ಕೊನೆಗೆ ಮೊಟ್ಟೆ ಇಡಲು ವಾಪಸು ಕಡಲಿಗೆ ಇಳಿಯುತ್ತದೆ. ದೊಡ್ಡ ಹೊಳೆಶೆಟ್ಲಿಯದೂ, ಅಂದರೆ ಹೊಳೆಯ ಸಿಗಡಿಯದೂ, ಹೆಚ್ಚುಕಡಿಮೆ ಇದೇ ಕಥೆ. ಬೆಳೆಯುವುದು ಸಿಹಿನೀರಲ್ಲಿ, ಆದರೆ ಅದರ ಮರಿಗೆ ಉಪ್ಪು ಬೆರೆತ ನೀರೇ ಆಗಬೇಕು. ಎರಡಕ್ಕೂ ದಾರಿ ತೆರೆದಿರಬೇಕು. ಗೋಡೆ ಕಟ್ಟಿದ ಹೊಳೆಯಲ್ಲಿ ಮೊದಲು ಕಾಣೆಯಾಗುವುದು ಇಂಥವು. ಕಾಣೆಯಾದದ್ದು ಯಾರಿಗೂ ಗೊತ್ತೂ ಆಗುವುದಿಲ್ಲ, ಯಾಕೆಂದರೆ ಹಾವುಮೀನಿಗೆ ಹುಲಿಯ ಹಾಗೆ ಅಭಿಮಾನಿಗಳಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜನವರಿಯಿಂದ ಮೇ ತನಕ ಸಿದ್ದಾಪುರದ ಕೆಲವು ಕಡೆ ನಾನು ಕಾಡಿಗೆ ಇಳಿಯುವುದಿಲ್ಲ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು ಇನ್ನೂ ಬಿಟ್ಟು ಹೋಗಿಲ್ಲ. ಕಾಯಿಲೆ ಹರಡುವ ಉಣ್ಣಿ ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಬಹುದು ಅನ್ನಿ, ಆದರೆ ಆಯಿ ಬಿಡಬೇಕಲ್ಲ. ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ಮಾತ್ರ ಆಯಿಯ ಅಭ್ಯಂತರ ಇಲ್ಲ. "ಕೆಟ್ಟ ರಕ್ತ ಹೋಗ್ತು" ಅನ್ನುತ್ತಾಳೆ.

ಹಾಗಾಗಿ ನನ್ನ ಕಾಲ ಮಳೆಗಾಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಅಂತ ಕೇಳಿರಬಹುದು. ಹೆಸರಿಗೆ ತಕ್ಕ ಹಾಗೆ ಮಧ್ಯಾಹ್ನವೇ ಟಾರ್ಚು ಬೇಕು. ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜಡ್ಡಿ ಇದೆ. ಜಡ್ಡಿ ಅಂದರೆ ವರ್ಷವಿಡೀ ನೀರು ನಿಂತ, ಹರಿಯುತ್ತಲೂ ಇರುವ ಜೌಗು. ಮರಗಳ ಬೇರು ಉಸಿರಿಗಾಗಿ ಕೆಸರಿನಿಂದ ಮೇಲೆದ್ದು, ಮಂಡಿ ಮಡಿಸಿ ಕೂತವರ ಹಾಗೆ ಬಾಗಿ ಮತ್ತೆ ಕೆಸರಿಗೆ ಹೋಗಿರುತ್ತವೆ. ರಾತ್ರಿ ಅವುಗಳ ನಡುವೆ ನಡೆಯುವುದು ಅಂದರೆ ಮಲಗಿದವರನ್ನು ದಾಟಿಕೊಂಡು ಹೋದ ಹಾಗೆ, ಯಾರನ್ನೂ ತುಳಿಯಬಾರದು.

ಅಲ್ಲಿ ನಾನು ಕುಂಬಾರ ಕಪ್ಪೆ ನೋಡಿದ್ದು. 2014ರಲ್ಲಷ್ಟೇ ವಿಜ್ಞಾನಕ್ಕೆ ಹೊಸದೆಂದು ಹೆಸರಿಟ್ಟ ಇರುಳುಗಪ್ಪೆ ಅದು. ಲ್ಯಾಟಿನ್ ಹೆಸರಿನಲ್ಲೇ ಕನ್ನಡದ 'ಕುಂಬಾರ' ಇದೆ. ಮರಕ್ಕೆ ಬೆರಳ ಗೆಣ್ಣಿನಲ್ಲಿ ಕುಟ್ಟಿದ ಹಾಗೆ ದನಿ. ಎಲ್ಲಿಂದ ಅಂತ ಹುಡುಕುತ್ತಾ ಅರ್ಧ ಗಂಟೆ ಕೂತೆ, ಕೊನೆಗೆ ನೋಡಿದರೆ ನನ್ನ ಬೂಟಿನ ಪಕ್ಕ. ನೀರಿನ ಮೇಲೆ ಬಾಗಿದ ಒಂದು ಕಡ್ಡಿ, ಕಡ್ಡಿಗೆ ಅಂಟಿಸಿದ ಮೊಟ್ಟೆಗಳು. ಗಂಡು ಕಪ್ಪೆ ನೀರಿನ ತಳದಿಂದ ಮುಂಗೈಯಲ್ಲಿ ಕೆಸರು ತೆಗೆಯಿತು. ತೆಗೆದು ಮೊಟ್ಟೆಗೆ ಮೆತ್ತಿತು. ಕೈಯಲ್ಲಿ ಒತ್ತಿತು, ನಮ್ಮ ಮನೆಯಲ್ಲಿ ಒಲೆ ಬಳಿಯುವಾಗ ಅಂಗೈ ಓಡುವ ಹಾಗೇ. ಮತ್ತೆ ಕೆಳಗೆ ಹೋಗಿ ಇನ್ನೊಂದು ಹಿಡಿ. ಮೊಟ್ಟೆ ಒಣಗದಿರಲಿ, ಬೇರೆಯವರ ಕಣ್ಣಿಗೆ ಬೀಳದಿರಲಿ ಅಂತ ಇರಬೇಕು ಎಂದು ಅದನ್ನು ಗುರುತಿಸಿದವರು ಬರೆದಿದ್ದಾರೆ. ನನಗೆ ಆಗ ಟಿಪ್ಪಣಿ ಬರೆಯುವುದೂ ಮರೆತುಹೋಯಿತು. ಮಳೆ ಬಂತು, ತಲೆಯ ಟಾರ್ಚು ಮಂಕಾಯಿತು, ಅದು ಮೆತ್ತುತ್ತಲೇ ಇತ್ತು.

ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ. ಆಮೇಲೆ ಅಂದ, "ನಮ್ಮ ಕೆಳತೋಟವೂ ಮೊದಲು ಜಡ್ಡಿಯೇ ಆಗಿತ್ತು. ನಿನ್ನ ಮುತ್ತಜ್ಜ ಕಡಿಸಿದ್ದು."

ನನಗೆ ಗೊತ್ತೇ ಇರಲಿಲ್ಲ. ಆದರೆ ಗೊತ್ತಿರಬೇಕಿತ್ತು. ಶಿರಸಿ, ಸಿದ್ದಾಪುರದ ಕಡೆ ಎಷ್ಟು ಕೇರಿಗಳ ಹೆಸರು 'ಜಡ್ಡಿ' ಅಂತಲೇ ಮುಗಿಯುತ್ತದೆ ನೋಡಿ. ಕಣಿವೆಯ ತಳ, ಬತ್ತದ ನೀರು, ಕಪ್ಪು ಮಣ್ಣು. ರಾಮಪತ್ರೆಗೆ ಬೇಕಾದದ್ದೇ ಅಡಿಕೆಗೂ ಬೇಕು. ನಾನು ಓದಿದ್ದು, ಫೀಸು ಕಟ್ಟಿದ್ದು, ಬೈನಾಕ್ಯುಲರ್ ಕೊಂಡದ್ದು ಎಲ್ಲಾ ಆ ತೋಟದ ದುಡ್ಡಲ್ಲಿ. ಅಳಿದ ಜಡ್ಡಿಯ ಮೇಲೆ ಕೂತು ಉಳಿದ ಜಡ್ಡಿಯ ಬಗ್ಗೆ ವರದಿ ಬರೆಯುವವಳು ನಾನು. ಇದಕ್ಕೆ ಏನು ಮಾಡಬೇಕು ಅಂತ ಇವತ್ತಿಗೂ ತೋಚಿಲ್ಲ.

ಈಗ ಮೈಲುತುತ್ತದ, ಅಂದರೆ ತಾಮ್ರದ ನೀಲಿ ಉಪ್ಪಿನ, ಕಥೆಗೆ ಬರುತ್ತೇನೆ.

ಅಡಿಕೆಗೆ ಕೊಳೆರೋಗ ಬಂದರೆ ಏನಾಗುತ್ತದೆ ಅಂತ ತೋಟದ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದರೆ ಮರದ ಬುಡದಲ್ಲೆಲ್ಲ ಹಸಿಕಾಯಿ ಉದುರಿರುತ್ತದೆ, ಒತ್ತಿದರೆ ಮೆತ್ತಗೆ. ವರ್ಷದ ದುಡಿಮೆ ಹದಿನೈದು ದಿನದಲ್ಲಿ ನೆಲಕ್ಕೆ. ನಮ್ಮ ಅಜ್ಜನ ಕಾಲದಲ್ಲಿ ಮಳೆಗೆ ಮೊದಲೇ ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲಿನದೋ ಅಡಿಕೆ ಹಾಳೆಯದೋ ಟೊಪ್ಪಿಗೆ ಅದು. ಆಮೇಲೆ ಔಷಧಿ ಬಂತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದು, ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಹೊಡೆಯುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯಲು ಕಲಿಸಿದ್ದರು. ಅದೇ ಇವತ್ತಿಗೂ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಆಕಾಶದ ಬಣ್ಣ ಬರಬೇಕು. ಬಂದ ಮೇಲೆ ಕತ್ತಿಯ ಬಾಯಿ ಅದ್ದಿ ನೋಡಬೇಕು. ಕತ್ತಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು. ಅಪ್ಪಯ್ಯ ಈ ಕತ್ತಿ ಅದ್ದುವುದನ್ನು ಎಷ್ಟು ಗಂಭೀರವಾಗಿ ಮಾಡುತ್ತಾನೆ ಅಂದರೆ, ಆಗ ನಾವ್ಯಾರೂ ಮಾತಾಡುವುದಿಲ್ಲ.

ತಮಾಷೆ ಅಂದರೆ, ಈ ಕೊಳೆ ತರುವುದೂ ನನ್ನ ಇಲಾಖೆಯದೇ. ಅದು ನಿಜವಾದ ಬೂಷ್ಟಲ್ಲ, ನೀರುಬೂಷ್ಟು ಅನ್ನಬಹುದಾದ ಬೇರೆಯೇ ಬಳಗ. ಅದರ ಕಣಗಳಿಗೆ ಬಾಲ ಇದೆ. ಕಾಯಿಯ ಮೇಲೆ ನಿಂತ ಮಳೆನೀರಿನ ತೆಳು ಪದರದಲ್ಲಿ ಅವು ಈಜಿಕೊಂಡು ಹೋಗಿ ಇನ್ನೊಂದು ಕಾಯಿ ಹಿಡಿಯುತ್ತವೆ. ಅಜ್ಜ ಕಟ್ಟುತ್ತಿದ್ದ ಕೊಟ್ಟೆ ಆ ಈಜುವ ಕೆರೆಯನ್ನೇ ಒಣಗಿಸುತ್ತಿತ್ತು. ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. "ಹಾಂಗಾರೆ ಅದ್ನೂ ಉಳಿಸ್ತ್ಯ ನೀನು?"

ಕೊನೆಯ ಮೇಲೆ ಒಣಗಿ ಕೂತ ಔಷಧಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ತಾಪತ್ರಯ ಇರುವುದು ಬೆರೆಸುವ ಜಾಗದಲ್ಲಿ. ನೀರು ಹತ್ತಿರ ಬೇಕು ಅಂತ ಡ್ರಮ್ಮು ಇಡುವುದು ಹಳ್ಳದ ಬದಿಗೆ. ಚೆಲ್ಲಿದ ತುತ್ತ, ಉಳಿದ ತುತ್ತದ ನೀರು, ಡ್ರಮ್ಮು ತೊಳೆದದ್ದು, ಪಂಪು ತೊಳೆದದ್ದು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಕೈಕಾಲು ತೊಳೆದದ್ದು ಎಲ್ಲಾ ಹಳ್ಳಕ್ಕೆ. ತಾಮ್ರ ನಮಗೆ ತಂಬಿಗೆ, ಮೀನು ಏಡಿಗೆ ವಿಷ. ಅದರಲ್ಲೂ ನಮ್ಮ ಘಟ್ಟದ ನೀರು ಬಹಳ ಮೆದು. ಸೋಪು ಹಚ್ಚಿದರೆ ನೊರೆ ಹೋಗುವುದೇ ಇಲ್ಲ ಅಲ್ವಾ? ಅಂಥ ನೀರಲ್ಲಿ ತಾಮ್ರದ ಕಡಿತ ಇನ್ನೂ ಜಾಸ್ತಿ.

ಆ ವರ್ಷ ನಾನು ನಮ್ಮದೇ ಹಳ್ಳಕ್ಕೆ ಒಂದು ಕ್ಯಾಮೆರಾ ಕಟ್ಟಿದ್ದೆ. ಎದುರಿಗೆ ಏನಾದರೂ ಅಲುಗಿದರೆ ತಾನೇ ಫೋಟೋ ತೆಗೆಯುವ ಪೆಟ್ಟಿಗೆ. ಹಿಕ್ಕೆ ಸಿಗುತ್ತಿದ್ದ ಒಂದು ಚಪ್ಪಟೆ ಕಲ್ಲಿಗೆ ಗುರಿ ಇಟ್ಟು, ವಾಟೆಯ ಬುಡಕ್ಕೆ ಬಿಗಿದಿದ್ದೆ. ಸೆಪ್ಟೆಂಬರಿನಲ್ಲಿ ಕಾರ್ಡು ತೆಗೆದು ನೋಡಿದೆ. ಸಾವಿರಗಟ್ಟಲೆ ಫೋಟೋ, ಮುಕ್ಕಾಲು ಪಾಲು ಮಳೆಹನಿಗೆ ತಲೆದೂಗುವ ಒಂದೇ ಜರಿಗಿಡ. ನಡುನಡುವೆ ಕೊಕ್ಕರೆ, ಒಂದು ಸಾಕುನಾಯಿ, ಒಂದು ಕಬ್ಬೆಕ್ಕು, ನಾಲ್ಕು ರಾತ್ರಿ ನೀರುನಾಯಿ. ಕೂತು ಒಂದೊಂದೇ ದಾಟಿಸುತ್ತಿದ್ದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ, 3 ಗಂಟೆ 41 ನಿಮಿಷ. ಕಲ್ಲಿನ ಮೇಲೆ ಅಪ್ಪಯ್ಯ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಪಂಚೆ ಮೇಲೆ ಕಟ್ಟಿದ್ದಾನೆ. ನೀಲಿ ಡ್ರಮ್ಮನ್ನು ಮಗುಚಿ ಹಿಡಿದು ಒಳಗೆ ಕೈ ಹಾಕಿ ಉಜ್ಜುತ್ತಿದ್ದಾನೆ. ಅವನ ಕಾಲಿನ ಸುತ್ತ ನೀರು ತಿಳಿನೀಲಿ.

ಅದೇ ರಾತ್ರಿ 11 ಗಂಟೆ 12 ನಿಮಿಷ. ಅದೇ ಕಲ್ಲಿನ ಮೇಲೆ ಎರಡು ನೀರುನಾಯಿ. ಒಂದು ಹಿಂಗಾಲ ಮೇಲೆ ನಿಂತು ಕ್ಯಾಮೆರಾ ಕಡೆಗೇ ನೋಡುತ್ತಿದೆ.

ಆಮೇಲೆ ಹತ್ತೊಂಬತ್ತು ದಿನ ಜರಿಗಿಡ ಮಾತ್ರ.

ನಮ್ಮ ಲೆಕ್ಕದ ಹಾಳೆಯಲ್ಲಿ ಪ್ರತಿ ಫೋಟೋಕ್ಕೂ ಯಾವ ಪ್ರಾಣಿ, ಎಷ್ಟು ಅಂತ ತುಂಬಬೇಕು. ಅಪ್ಪಯ್ಯನ ಫೋಟೋದ ಎದುರು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ "ಮನುಷ್ಯ, 1" ಅಂತ ಬರೆದೆ.

ಇದರಿಂದ ಏನೂ ಸಿದ್ಧವಾಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆ ವಾರ ಪುನರ್ವಸು ಮಳೆ ಹುಚ್ಚು ಹೊಯ್ದಿತ್ತು. ಹಳ್ಳ ತುಂಬಿದರೆ ನೀರುನಾಯಿ ಇನ್ನೂ ಸಣ್ಣ ಕೊಡ್ಲುಗಳಿಗೆ ಹೋಗಬಹುದು. ಕಲ್ಲೇ ಮುಳುಗಿದ್ದರೆ ಬಂದದ್ದೂ ಕ್ಯಾಮೆರಾಕ್ಕೆ ಕಾಣದೆ ಹೋಗಬಹುದು. ಒಂದು ಹಳ್ಳ, ಒಂದು ಕ್ಯಾಮೆರಾ, ಒಂದು ಮಳೆಗಾಲ ಇಟ್ಟುಕೊಂಡು ಬೇರೆ ಯಾರಾದರೂ ಹೀಗೆ ತೀರ್ಮಾನ ಹೇಳಿದ್ದರೆ ನಾನೇ ತಕರಾರು ತೆಗೆಯುತ್ತಿದ್ದೆ. ಹಾಗಾಗಿ ಏಡಿ ನೋಡಲು ಹೋದೆ.

ಏಡಿಯ ಬಗ್ಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ಕಡಲೇಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಮರಿಗಳು ನೀರಲ್ಲಿ ತೇಲಿ ಎಲ್ಲೆಲ್ಲೋ ಹೋಗುತ್ತವೆ. ಒಂದು ಜಾಗದಲ್ಲಿ ಖಾಲಿಯಾದರೆ ಇನ್ನೊಂದು ಕಡೆಯಿಂದ ತೇಲಿ ಬಂದು ತುಂಬುತ್ತದೆ. ಘಟ್ಟದ ಏಡಿ ಹಾಗಲ್ಲ. ಒಮ್ಮೆ ತಾಯಿ ಏಡಿಯೊಂದನ್ನು ಹಿಡಿದು ಮಗುಚಿದ್ದೆ. ಹೊಟ್ಟೆಯ ಕೆಳಗಿನ ಮಡಿಕೆಯನ್ನು ಮೆಲ್ಲಗೆ ಬಿಡಿಸಿದರೆ ಒಳಗೆ ಮರಿಗಳು. ಪುಟ್ಟದಾದರೂ ಪೂರ್ತಿ ಏಡಿಗಳೇ, ಕೊಂಡಿ, ಕಾಲು, ಕಣ್ಣು ಎಲ್ಲ ಇದ್ದವು, ಎಳ್ಳಿಗಿಂತ ಸ್ವಲ್ಪ ದೊಡ್ಡವು. ಒಂದು ನನ್ನ ಹೆಬ್ಬೆರಳ ಉಗುರಿನ ಮೇಲೆ ಹತ್ತಿ ಅಡ್ಡಡ್ಡ ನಡೆಯಿತು. ಮತ್ತೆ ತಾಯಿಯ ಹೊಟ್ಟೆಗೆ ಸೇರಿಸಲು ಸಾಕುಬೇಕಾಯಿತು. ಮೊಟ್ಟೆಯಿಂದ ಹೊರಬಿದ್ದ ಮೇಲೂ ತಾಯಿ ಹೀಗೆ ಹೊತ್ತುಕೊಂಡು ಇರುತ್ತದೆ. ತೇಲಿ ಹೋಗುವ ಮರಿ ಅಂತಲೇ ಇಲ್ಲ. ಅಂದರೆ ಒಂದು ಹಳ್ಳದ ತುಂಡಿನಲ್ಲಿ ಏಡಿ ಸತ್ತರೆ, ಬೇರೆ ಏಡಿ ಅಲ್ಲಿಗೆ ಕಾಲಲ್ಲಿ ನಡೆದೇ ಬರಬೇಕು. ಅಡ್ಡಡ್ಡ.

ಡ್ರಮ್ಮು ತೊಳೆವ ಕಲ್ಲಿನಿಂದ ಕೆಳಗೆ ಕಲ್ಲೆತ್ತಿ ನೋಡುತ್ತಾ ಹೋದೆ. ಇಲ್ಲ. ಇನ್ನೊಂದು. ಇಲ್ಲ. ಬೇಸಗೆಯಲ್ಲಿ ಇದೇ ಜಾಗದಲ್ಲಿ ಕಲ್ಲೆತ್ತಿದಲ್ಲೆಲ್ಲ ಏಡಿ ಇತ್ತು. ಮೇಲಕ್ಕೆ ಬಂದು, ಕಲ್ಲು ದಾಟಿ, ತೋಟದ ತಲೆಯ ಕಡೆ ಹೋದೆ. ಎರಡನೇ ಕಲ್ಲಿಗೇ ಏಡಿ.

ಅಪ್ಪಯ್ಯನ ಜೊತೆ ಜಗಳ ಎರಡು ಸಲ ಆಯಿತು. ಮೊದಲ ಸಲ ನಾನು ಮೂರ್ಖಳ ಹಾಗೆ ಲೋಕದ ಲೆಕ್ಕ ಹೇಳಿದೆ. 2024ರ ಲಿವಿಂಗ್ ಪ್ಲಾನೆಟ್ ವರದಿಯ ಪ್ರಕಾರ, 1970ರಿಂದ 2020ರೊಳಗೆ, ಗಮನದಲ್ಲಿಟ್ಟ ಸಿಹಿನೀರಿನ ಪ್ರಾಣಿಗಳ ಸಂತತಿ ಸರಾಸರಿ 85% ಇಳಿದಿದೆ, ಕಾಡಿನದ್ದಕ್ಕಿಂತ, ಕಡಲಿನದ್ದಕ್ಕಿಂತ ಜಾಸ್ತಿ ಅಂದೆ. ಅಪ್ಪಯ್ಯ ಕವಳ ಉಗಿದು ಬಂದು ಹೇಳಿದ, "ನೀನು ಏಡಿ ಲೆಕ್ಕ ಹಾಕು. ಆನು ಅಡಿಕೆ ಲೆಕ್ಕ ಹಾಕ್ತಿ. ಮನೆ ನಡೆಯದು ಯಾವ ಲೆಕ್ಕದಲ್ಲಿ ಹೇಳಿ ಆಯಿ ಹತ್ರ ಕೇಳು."

ಉತ್ತರ ಕೊಡಲು ಆಗಲಿಲ್ಲ. ಕೋಪ ಬಂತು, ಅವನ ಮೇಲಲ್ಲ, ಆ 85ರ ಮೇಲೆ. ಅಷ್ಟು ದೊಡ್ಡ ಅಂಕಿಗೆ ನಮ್ಮ ತೋಟದ ಸಂಕ ದಾಟಿ ಒಳಗೆ ಬರಲು ಆಗುವುದಿಲ್ಲ.

ಎರಡನೇ ಸಲ ಮಾತಾಡಲಿಲ್ಲ. ಹಳ್ಳಕ್ಕೆ ಕರೆದುಕೊಂಡು ಹೋದೆ. ಬರಲು ಒಪ್ಪಿದ್ದೇ ದೊಡ್ಡದು. ಮಂಡಿನೋವು ಅವನಿಗೆ. ಕಲ್ಲಿನ ಕೆಳಗಡೆ ಅವನೇ ಕಲ್ಲೆತ್ತಿದ. ನನಗಿಂತ ಚೆನ್ನಾಗಿ ಎತ್ತುತ್ತಾನೆ, ನೀರು ಕದಡುವುದಿಲ್ಲ. ಹತ್ತು ಹನ್ನೆರಡು ಕಲ್ಲು ನೋಡಿದ. ಮೇಲಕ್ಕೆ ಹೋಗಿ ಅಲ್ಲೂ ನೋಡಿದ. ಒಂದು ಏಡಿ ಅವನ ಬೆರಳು ಕಚ್ಚಿತು. ಬೆರಳು ಕೊಡವಿ, ಬಹಳ ಹೊತ್ತು ಹಳ್ಳದ ಕೆಳಗಡೆ ನೋಡುತ್ತಾ ನಿಂತ. ಸಣ್ಣವನಿದ್ದಾಗ ಕೆಲಸದವರ ಮಕ್ಕಳ ಜೊತೆ ಕದ್ದು ಹತ್ತುಮೀನು ನೋಡಲು ಇಲ್ಲಿಗೇ ಬರುತ್ತಿದ್ದೆ ಅಂದ. ಮೊದಲ ದೊಡ್ಡ ಮಳೆಗೆ ಮೊಟ್ಟೆ ತುಂಬಿದ ಮೀನುಗಳು ಗದ್ದೆಗೆ ಹತ್ತುವುದು, ಬದುವಿನ ಕಂಡಿಯಲ್ಲಿ ಬೆಳ್ಳಗೆ ಮಿಂಚುವುದು, ಗದ್ದಲದಲ್ಲಿ ಇವನ ಮಡಿಯೆಲ್ಲ ಹೋಗಿ ಅಜ್ಜಿಯಿಂದ ಹೊಡೆತ ತಿಂದದ್ದು. ನನಗೆ ಯಾವತ್ತೂ ಹೇಳಿರಲಿಲ್ಲ ಇದನ್ನು.

ಏಡಿಯ ಬಗ್ಗೆ ಮಾತ್ರ, "ಮಳೆಗೆ ಕೊಚ್ಚಿಕೊಂಡು ಹೋಗಿಕ್ಕು" ಅಂದ. ಮನೆಗೆ ಬಂದೆವು.

ಮುಂದಿನ ವರ್ಷ ಡ್ರಮ್ಮು ತೋಟದ ಮೇಲಿನ ಅಂಗಳದಲ್ಲಿತ್ತು. ಪಕ್ಕದಲ್ಲಿ ಒಂದು ಗುಂಡಿ ತೆಗೆಸಿ, ತೊಳೆದ ನೀರು ಅದಕ್ಕೆ ಹೋಗುವ ಹಾಗೆ ಮಾಡಿದ್ದ. ನಾನು ಏನೂ ಕೇಳಲಿಲ್ಲ. ಕೊನೆಗೌಡ ಕೇಳಿದ್ದಕ್ಕೆ ಅಪ್ಪಯ್ಯ ಕೊಟ್ಟ ಕಾರಣ, ಇಲ್ಲಿಂದ ಪೈಪು ಎಳೆಯುವುದು ಸಸಾರ. ಇರಲಿ. ನಮ್ಮ ಮೇಲಿನ ತೋಟದವರು ಈಗಲೂ ಹಳ್ಳದಲ್ಲೇ ತೊಳೆಯುತ್ತಾರೆ. ಅವರ ಮನೆಗೆ ಹೋಗಿ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ನೆಂಟರು ಬೇರೆ.

ಇದೇ ಥರದ ಪ್ರಶ್ನೆ ಘಟ್ಟದ ಕೆಳಗೂ ಕಾದಿರುತ್ತದೆ. ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಬಂತು, ಅಂದರೆ ಅದು ಈಗ ಲೋಕಮಟ್ಟದ ಜೌಗುಭೂಮಿ. ಕಡಲ ನೀರು ನುಗ್ಗುವ ಗಜನಿ ಗದ್ದೆ, ಉಪ್ಪು ನೀರಿಗೂ ಜಗ್ಗದ ಕಗ್ಗ ಭತ್ತ, ಇಳಿತದ ಹೊತ್ತಿಗೆ ಸೊಂಟದ ತನಕ ನೀರಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುವ ಹೆಂಗಸರು. ಅಲ್ಲಿ ನೀರುನಾಯಿ ವಿಚಾರಿಸುತ್ತಾ ಹೋದಾಗ ಒಬ್ಬ ಅಂಬಿಗರ ಅಜ್ಜ ಮಾತಿಗೆ ಸಿಕ್ಕಿದರು. ನಾನು ನನ್ನ ಪಾಠ ಹೇಳಿದೆ, ಅಪರೂಪದ ಪ್ರಾಣಿ, ಕಾನೂನಿನ ಮೊದಲ ಪಟ್ಟಿಯಲ್ಲಿದೆ, ಇತ್ಯಾದಿ. ಅವರು ಒಳಗೆ ಹೋಗಿ ಒಂದು ಬಲೆ ತಂದು ನನ್ನ ಕಾಲ ಹತ್ತಿರ ಹರಡಿದರು. ನಡುವೆ ಒಂದು ತೂತು, ನಾನು ಆರಾಮಾಗಿ ನುಗ್ಗಬಹುದಾದಷ್ಟು.

"ಎಲ್ಲಾ ಸರಿ ತಂಗಿ. ಇದ್ರ ದುಡ್ಡು ಯಾರ್ ಕೊಡ್ತಾರೆ?"

ಆನೆ ಗದ್ದೆ ತುಳಿದರೆ ಪರಿಹಾರಕ್ಕೆ ಒಂದು ಅರ್ಜಿ ಇದೆ. ನೀರುನಾಯಿ ಬಲೆ ಹರಿದರೆ ಯಾವ ಅರ್ಜಿ, ಯಾವ ಕಚೇರಿ? ಅವತ್ತು ನನ್ನ ಚೀಲದಲ್ಲಿ ಇದ್ದದ್ದು ಅಳತೆ ಟೇಪು, ಜಿಪ್ ಲಾಕ್ ಚೀಲ ಮತ್ತು ಒಂದು ಭಿತ್ತಿಪತ್ರ. ಭಿತ್ತಿಪತ್ರ ಕೊಟ್ಟೆ. ಅವರು ಅದನ್ನು ಮಡಿಸಿ ಸೂರಿನ ಸಂದಿಗೆ ಸಿಕ್ಕಿಸಿದರು. ಚಾ ಕುಡಿಸಿ ಕಳಿಸಿದರು. ಆಮೇಲೆ ಎರಡು ಸಲ ಹೋಗಿದ್ದೇನೆ, ಭಿತ್ತಿಪತ್ರ ಅಲ್ಲೇ ಇದೆ. ಬಲೆಗೆ ಅವರೇ ಹೊಲಿಗೆ ಹಾಕಿಕೊಂಡಿದ್ದಾರೆ. ಈಗ ಅವರು ನೀರುನಾಯಿ ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿಡುತ್ತಾರೆ. ಬೈದುಕೊಂಡೇ ಹಾಕುವುದು. ನನ್ನ ಬಹಳಷ್ಟು ದಾಖಲೆಗಳಿಗಿಂತ ಆ ಕ್ಯಾಲೆಂಡರು ನಂಬಿಕೆಗೆ ಅರ್ಹ.

ಹೋದ ವಾರ ಕುಮಟೆಯಲ್ಲೇ ಇದ್ದೆ. ಬೆಳಿಗ್ಗೆ ಆರೂವರೆಗೆ ಅಪ್ಪಯ್ಯನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅವನು ಫೋಟೋ ಕಳಿಸುವುದೆಂದರೆ ಗುಡ್ ಮಾರ್ನಿಂಗ್ ಹೂವು, ಇಲ್ಲ ಶಿರಸಿ ಮಾರುಕಟ್ಟೆಯ ಅಡಿಕೆ ಧಾರಣೆ. ಇದು ಹಳ್ಳದ ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ಹಿಕ್ಕೆ. ಅಳತೆಗೆ ಅಂತ ಪಕ್ಕದಲ್ಲಿ ಸುಣ್ಣದ ಡಬ್ಬಿ ಇಟ್ಟಿದ್ದ. ಕೆಳಗೆ ಒಂದೇ ಸಾಲು, "ಬಂಜು." ಬಂದಿದೆ ಅಂತ.

ದೊಡ್ಡದು ಮಾಡಿ ನೋಡಿದೆ. ಏಡಿ ಚಿಪ್ಪು ಒಂದೂ ಇಲ್ಲ. ಉರುಟು ಕಪ್ಪು ಬೀಜ, ಬಗನಿಯದು. ಫೋನು ಮಾಡಿ ಹೇಳಿದೆ, ಅಪ್ಪಯ್ಯ ಇದು ಕಬ್ಬೆಕ್ಕಿನದು, ಬಗನಿ ಹಣ್ಣು ತಿಂದು ಹೋಗಿದೆ ಅಂತ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಮಳೆ, ಹಳ್ಳದ ಶಬ್ದ. ಇನ್ನೂ ಅಲ್ಲೇ ನಿಂತಿದ್ದ.

"ಹೌದಾ," ಅಂದ. "ಹಾಂಗಾರೆ ನಾಳೆ ಮತ್ತೆ ನೋಡ್ತಿ."